ಒಂದು ಪಾಯಿಂಟ್ ದೂರದ ಊರು

ಬಫಲೋದ ಮೇನ್ ಸ್ಟ್ರೀಟಿನಲ್ಲಿ ಮೆಟ್ರೋ ರೈಲು ನೆಲದ ಮೇಲೇ ಓಡುತ್ತದೆ. ಊರ ನಡುವಿನ ಅಷ್ಟು ದೂರಕ್ಕೆ ಯಾರೂ ಟಿಕೆಟ್ ಕೇಳುವುದಿಲ್ಲ. 2023ರ ಮಾರ್ಚ್ 31, ಶುಕ್ರವಾರ ಸಂಜೆ ಆ ರೈಲಿನಲ್ಲಿ ನಿಲ್ಲುವುದಕ್ಕೂ ಜಾಗ ಸಾಲದು. ಎಲ್ಲಿ ನೋಡಿದರೂ ನೀಲಿ ಜೆರ್ಸಿ. ಎದೆಯ ಮೇಲೆ ನೆಗೆಯುತ್ತಿರುವ ಕಾಡುಕೋಣ, ಅದರ ಕಾಲಡಿ ಅಡ್ಡಡ್ಡ ಎರಡು ಕತ್ತಿ. ಬಫಲೋ ಸೇಬರ್ಸ್ ಎಂಬ ಐಸ್ ಹಾಕಿ ತಂಡದ ಗುರುತು ಅದು. ಅವತ್ತಿನ ಎದುರಾಳಿ ನ್ಯೂಯಾರ್ಕ್ ರೇಂಜರ್ಸ್. ಆದರೆ ರೇಂಜರ್ಸ್ ಹೆಸರೆತ್ತಿದವರು ಕಡಿಮೆ. ಫ್ಲೋರಿಡಾಕ್ಕೆ ಇನ್ನೆಷ್ಟು ಪಂದ್ಯ ಬಾಕಿ, ಪಿಟ್ಸ್‌ಬರ್ಗ್ ಮುಂದೆ ಯಾರ ಮೇಲೆ ಆಡುತ್ತದೆ, ಐಲ್ಯಾಂಡರ್ಸ್ ಎಲ್ಲಾದರೂ ಎಡವಬಹುದೇ ಎಂದು ಮಾತೆಲ್ಲ ಅಲ್ಲಿಲ್ಲದ ತಂಡಗಳ ಮೇಲೆ.

ನನ್ನನ್ನು ಕರೆದುಕೊಂಡು ಹೊರಟಿದ್ದವನು ಅಕ್ಕನ ಮಗ. ಆಗ ಇಲ್ಲಿನ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ. ಅದೇ ದಿನ ಬೆಳಿಗ್ಗೆ ಹತ್ತಕ್ಕೆ ಲ್ಯಾಪ್‌ಟಾಪ್ ಮುಂದೆ ಕೂತು ಆ ವರ್ಷದ ಐಪಿಎಲ್‌ನ ಮೊದಲ ಪಂದ್ಯ ನೋಡಿದ್ದ. ಸಂಜೆಯಾಗುತ್ತಲೇ ನೀಲಿ ಜೆರ್ಸಿ ತೊಟ್ಟು ನಿಂತ. "ಮಾಮ, ಆರ್‌ಸಿಬಿ ನೋಡಿಕೊಂಡು ಬೆಳೆದವನಿಗೆ ಈ ತಂಡ ಹಿಡಿಸೋಕೆ ಒಂದು ವಾರ ಸಾಕು. ನಾವು ರನ್‌ರೇಟ್ ಲೆಕ್ಕ ಹಾಕ್ತೀವಿ, ಇವರು ಪಾಯಿಂಟ್ ಲೆಕ್ಕ ಹಾಕ್ತಾರೆ, ಅಷ್ಟೇ," ಅಂದ.

ಆ ಲೆಕ್ಕ ಹೀಗಿದೆ. ಅಮೆರಿಕ, ಕೆನಡಾ ಎರಡೂ ಸೇರಿ ಈ ಐಸ್ ಹಾಕಿ ಲೀಗ್‌ನಲ್ಲಿ 32 ತಂಡ. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಆ ಸೀಸನ್‌ನಲ್ಲಿ ಪ್ರತಿಯೊಂದಕ್ಕೂ 82 ಪಂದ್ಯ. ಗೆದ್ದರೆ 2 ಪಾಯಿಂಟ್, ಸೋತರೆ ಸೊನ್ನೆ. ಆದರೆ ಅರುವತ್ತು ನಿಮಿಷ ಸಮನಾಗಿ ಆಡಿ ಓವರ್‌ಟೈಮ್‌ನಲ್ಲೋ ಶೂಟೌಟ್‌ನಲ್ಲೋ ಸೋತರೆ 1 ಪಾಯಿಂಟ್ ಸಿಗುತ್ತದೆ. ಕೊನೆಗೆ 16 ತಂಡ ಪ್ಲೇಆಫ್‌ಗೆ ಹೋಗುತ್ತವೆ. ಲೀಗ್‌ನ ಪೂರ್ವ, ಪಶ್ಚಿಮ ಭಾಗಗಳಲ್ಲಿ ಎರಡೆರಡು ಗುಂಪು. ಒಂದೊಂದು ಗುಂಪಿನಿಂದಲೂ ಮೊದಲ ಮೂರು ತಂಡಗಳಿಗೆ ನೇರ ಪ್ರವೇಶ. ಆಮೇಲೆ ಭಾಗಕ್ಕೆ ಎರಡರಂತೆ ವೈಲ್ಡ್ ಕಾರ್ಡ್ ಜಾಗ. ಪೂರ್ವದ ಆ ಕೊನೆಯ ಎರಡು ಜಾಗಕ್ಕೆ ಫ್ಲೋರಿಡಾ, ಐಲ್ಯಾಂಡರ್ಸ್, ಪಿಟ್ಸ್‌ಬರ್ಗ್, ಬಫಲೋ ಮುಗಿಬಿದ್ದಿದ್ದವು. ಬಫಲೋ ಹಿಂದಿತ್ತು. ಉಳಿದಿದ್ದದ್ದು ಬೆರಳೆಣಿಕೆಯ ಪಂದ್ಯ.

ಅಲ್ಲಿಯವರೆಗೆ ಸೇಬರ್ಸ್ ಕೊನೆಯ ಸಲ ಪ್ಲೇಆಫ್ ಆಡಿದ್ದು 2011ರಲ್ಲಿ. ಏಪ್ರಿಲ್ 26ರಂದು ಫಿಲಡೆಲ್ಫಿಯಾದ ಎದುರು ಏಳನೆಯ ಪಂದ್ಯ ಸೋತು ಹೊರಬಂದವರು ಮತ್ತೆ ಒಳಗೆ ಹೋಗಿರಲಿಲ್ಲ. ಲೀಗ್‌ನ ಇತಿಹಾಸದಲ್ಲಿ ಯಾವ ತಂಡವೂ ಅಷ್ಟು ವರ್ಷ ಹೊರಗೆ ನಿಂತದ್ದಿಲ್ಲ. ಫ್ಲೋರಿಡಾ, ಎಡ್ಮಂಟನ್ ತಂಡಗಳು ಹತ್ತತ್ತು ಸೀಸನ್ ಕಾದಿದ್ದವು. 2022ರಲ್ಲಿ ಬಫಲೋ ಅದನ್ನೂ ದಾಟಿತು.

ಕ್ರೀಡಾಂಗಣದ ಹತ್ತಿರ ರೈಲು ಇಳಿದರೆ ಎದುರಿಗೆ ಕೆನಲ್‌ಸೈಡ್. 1825ರಲ್ಲಿ ತೆರೆದ ಎರೀ ಕಾಲುವೆ ಇಲ್ಲಿಗೆ ಬಂದು ಮುಗಿಯುತ್ತಿತ್ತು. ನದಿಯ ದಂಡೆಗೆ ನಡೆದರೆ ಬೃಹತ್ ಕಾಂಕ್ರೀಟ್ ಕಣಜಗಳ ಸಾಲು ಕಾಣುತ್ತದೆ. ಹಡಗಿನಿಂದ ಧಾನ್ಯವನ್ನು ಆವಿಯಂತ್ರದಿಂದ ಎತ್ತಿ ತುಂಬುವ ಕಣಜ ಮೊದಲು ಕಟ್ಟಿದ್ದು 1842ರಲ್ಲಿ, ಈ ಊರಿನಲ್ಲೇ. ಅಮೆರಿಕದ ಗೋಧಿಯ ದೊಡ್ಡ ಪಾಲು ಈ ದಾರಿಯಲ್ಲಿ ಹೋಗುತ್ತಿದ್ದ ಕಾಲವೊಂದಿತ್ತು. ಪಕ್ಕದ ಲಾಕವಾನಾದಲ್ಲಿ ಬೆತ್ಲೆಹೆಮ್ ಸ್ಟೀಲ್ ಕಾರ್ಖಾನೆಯಿತ್ತು. ಹಡಗುಗಳು ಬೇರೆ ದಾರಿ ಹಿಡಿದವು. ಎಂಬತ್ತರ ದಶಕದ ಆರಂಭದಲ್ಲಿ ಉಕ್ಕಿನ ಕುಲುಮೆಗಳೂ ಆರಿದವು. 1950ರಲ್ಲಿ 5.80 ಲಕ್ಷ ಜನರಿದ್ದ ನಗರದಲ್ಲಿ 2020ರ ಜನಗಣತಿ ಲೆಕ್ಕ ಹಾಕಿದಾಗ ಸಿಕ್ಕಿದ್ದು 2.78 ಲಕ್ಷ. ಊರು ಬಿಟ್ಟವರು ಬಿಟ್ಟರು. ಉಳಿದವರ ಕೈಯಲ್ಲಿ ಎರಡು ತಂಡಗಳು ಉಳಿದವು: ಫುಟ್‌ಬಾಲ್‌ಗೆ ಬಿಲ್ಸ್, ಹಾಕಿಗೆ ಸೇಬರ್ಸ್.

ಪಂದ್ಯಕ್ಕೆ ಇನ್ನೂ ಹೊತ್ತಿತ್ತು. ಹತ್ತಿರದ ಬಾರೊಂದರಲ್ಲಿ ಅಕ್ಕನ ಮಗನ ಪರಿಚಯದವರು ಕಾಯುತ್ತಿದ್ದರು. ಒಬ್ಬರು ಹಿರಿಯರು, ಎಪ್ಪತ್ತರ ಹತ್ತಿರದವರು, ಲಾಕವಾನಾದ ಉಕ್ಕಿನ ಕಾರ್ಖಾನೆಯಲ್ಲಿ ಹರೆಯ ಕಳೆದವರು. ಜೊತೆಗೆ ಅವರ ಮಗಳು, ನರ್ಸ್. ಇನ್ನೊಬ್ಬರು ಪೀಸ್ ಬ್ರಿಜ್ ದಾಟಿ ಕೆನಡಾದ ಫೋರ್ಟ್ ಎರೀಯಿಂದ ಬಂದವರು. ಅವರಿಗೆ ಸೀಸನ್ ಟಿಕೆಟ್ ಇದೆ. ಟೇಬಲ್ ಮೇಲೆ ಚಿಕನ್ ವಿಂಗ್ಸ್, ಬಿಯರ್ ಜಗ್, ಮೂರು ಫೋನು. ಫೋನುಗಳಲ್ಲೆಲ್ಲ ಒಂದೇ ಅಂಕಪಟ್ಟಿ.

ಕೆನಡಾದವರು ಶೇಕಡಾ ಲೆಕ್ಕದ ಮನುಷ್ಯ. ಪ್ರತಿ ರಾತ್ರಿ ಪಂದ್ಯಗಳು ಮುಗಿದ ಮೇಲೆ ಯಾವ ತಂಡದ ಸಾಧ್ಯತೆ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ನೋಡದೆ ಮಲಗುವುದಿಲ್ಲವಂತೆ. ಬಫಲೋ ಬರೀ ಗೆದ್ದರೆ ಸಾಲದು; ಮೇಲಿನ ತಂಡಗಳು ಸೋಲಬೇಕು, ಅದೂ ಅರುವತ್ತು ನಿಮಿಷದೊಳಗೇ ಸೋಲಬೇಕು. ಅವು ಓವರ್‌ಟೈಮ್‌ಗೆ ಹೋದರೆ ಸೋತವರಿಗೂ ಒಂದು ಪಾಯಿಂಟ್ ಸಿಕ್ಕಿ ಬಫಲೋಗೆ ನಷ್ಟ. ಪಾಯಿಂಟ್ ಸಮವಾದರೆ ನಿಗದಿತ ಸಮಯದಲ್ಲಿ ಯಾರು ಹೆಚ್ಚು ಗೆದ್ದಿದ್ದಾರೆ ಎಂದು ನೋಡುತ್ತಾರೆ. ಇದನ್ನೆಲ್ಲ ಅವರು ಪೇಪರ್ ನ್ಯಾಪ್‌ಕಿನ್ ಮೇಲೆ ಬರೆದು ತೋರಿಸಿದರು.

ಹಿರಿಯರಿಗೆ ಅದು ಹಿಡಿಸಲಿಲ್ಲ. "ಬೇರೆಯವರ ಮನೆಯ ಒಲೆ ನೋಡಿಕೊಂಡು ನಮ್ಮ ಹೊಟ್ಟೆ ತುಂಬುತ್ತದೆಯೇ? ನವೆಂಬರ್‌ನಲ್ಲಿ ಸಾಲಾಗಿ ಎಂಟು ಪಂದ್ಯ ಸೋತರು. ಅದರಲ್ಲಿ ಎರಡು ಗೆದ್ದಿದ್ದರೆ ಈ ನ್ಯಾಪ್‌ಕಿನ್ ಬೇಕಿತ್ತೇ? ಅದಿರಲಿ, ಈ ತಂಡ ಎಲ್ಲಿ ಸೋಲುತ್ತದೆ ನೋಡಿ. ಇಲ್ಲೇ, ನಮ್ಮ ಕಣ್ಣೆದುರಿಗೆ."

ಆ ಮಾತು ನಿಜ. ಆ ಸೀಸನ್ ಮುಗಿದಾಗ ಪರ ಊರುಗಳಲ್ಲಿ ಸೇಬರ್ಸ್ 25 ಪಂದ್ಯ ಗೆದ್ದಿದ್ದರು. ಸ್ವಂತ ಅಂಗಳದಲ್ಲಿ ಗೆದ್ದದ್ದು 17 ಮಾತ್ರ. ಗೋಲು ಹೊಡೆಯುವುದರಲ್ಲಿ ಲೀಗ್‌ನ ಮುಂಚೂಣಿಯ ತಂಡಗಳಲ್ಲೊಂದು. ಟೇಜ್ ಥಾಂಪ್ಸನ್ ಒಬ್ಬನದೇ 47 ಗೋಲು. ಬಿಟ್ಟುಕೊಡುವುದೂ ಅಷ್ಟೇ. ಗೋಲು ಕಾಯುವ ಗೋಲಿಗಳಲ್ಲೊಬ್ಬನಾದ ಕ್ರೇಗ್ ಆಂಡರ್ಸನ್‌ಗೆ 41 ವರ್ಷ. ಹುಡುಗರ ತಂಡ, ಬೆಟ್ಟದಷ್ಟು ಹುರುಪು, ಹಿಂದೆ ಬಾಗಿಲು ತೆರೆದೇ ಇರುತ್ತಿತ್ತು.

ಮಗಳು ಅಪ್ಪನ ಮಾತು ಒಪ್ಪಲಿಲ್ಲ. "ಡಾಲ್ಟನ್‌ನ ಮರೆತೆಯಾ ಅಪ್ಪ?" ಎಂದಳು. ಆಂಡಿ ಡಾಲ್ಟನ್ ಬಫಲೋದವನಲ್ಲ, ಹಾಕಿ ಆಟಗಾರನೂ ಅಲ್ಲ. ಆಗ ಸಿನ್ಸಿನಾಟಿ ಫುಟ್‌ಬಾಲ್ ತಂಡದ ಕ್ವಾರ್ಟರ್‌ಬ್ಯಾಕ್. ಇದೇ ಊರಿನ ಬಿಲ್ಸ್ 17 ವರ್ಷ ಪ್ಲೇಆಫ್ ಕಂಡಿರಲಿಲ್ಲ. 2017ರ ಡಿಸೆಂಬರ್ 31ರಂದು ತಮ್ಮ ಪಂದ್ಯ ಗೆದ್ದು, ಬಾಲ್ಟಿಮೋರ್ ಸೋಲಲಿ ಎಂದು ಟಿವಿ ನೋಡುತ್ತ ಕಾದು ಕೂತರು. ಕೊನೆಯ ನಿಮಿಷದಲ್ಲಿ, ಇನ್ನೊಂದೇ ಅವಕಾಶ ಉಳಿದಿದ್ದಾಗ, ಡಾಲ್ಟನ್ ಎಸೆದ ಚೆಂಡು ಟೈಲರ್ ಬಾಯ್ಡ್‌ನ ಕೈಸೇರಿ ಬಾಲ್ಟಿಮೋರ್ ಸೋತಿತು; ಬಿಲ್ಸ್‌ಗೆ ಬಾಗಿಲು ತೆರೆಯಿತು. ಬಫಲೋದ ಜನ ಏನು ಮಾಡಿದರು ಗೊತ್ತೇ? ಡಾಲ್ಟನ್ ನಡೆಸುವ ಮಕ್ಕಳ ದತ್ತಿ ಸಂಸ್ಥೆಗೆ ದೇಣಿಗೆ ಕಳಿಸಿದರು. ವರ್ಷಕ್ಕೊಂದು ಡಾಲರಿನಂತೆ ಹದಿನೇಳು ಹದಿನೇಳು ಡಾಲರ್, ಸಾವಿರಾರು ಜನ. ಆ ಕಥೆ ಹೇಳುವಾಗ ಅವಳ ಕಣ್ಣು ತುಂಬಿತ್ತು. ಬೇರೆಯವರ ಪಂದ್ಯ ನೋಡುವುದು ದುರ್ಬಲರ ಕೆಲಸ ಎನ್ನುವವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ಗೊತ್ತಿಲ್ಲ.

ಆಮೇಲೆ ಮಾತು 2015ಕ್ಕೆ ಹೊರಳಿತು. ಟೇಬಲ್ಲಿನ ಮೇಲೆ ಒಂದು ಬಿಗಿ ಬಂದು ಕೂತಿತು.

ಲೀಗ್‌ನಲ್ಲಿ ಕೆಳಗೆ ಬಿದ್ದ ತಂಡಗಳಿಗೆ ಸೀಸನ್ ಮುಗಿದ ಮೇಲೆ ಹೊಸ ಆಟಗಾರರನ್ನು ಆರಿಸುವ ಲಾಟರಿಯಲ್ಲಿ ಹೆಚ್ಚು ಅವಕಾಶ ಕೊಡುತ್ತಾರೆ. 2015ರಲ್ಲಿ ಆ ಸರತಿಯ ತಲೆಯಲ್ಲಿದ್ದವನು ಕಾನರ್ ಮೆಕ್‌ಡೇವಿಡ್, ಒಂದು ತಲೆಮಾರಿಗೊಬ್ಬ ಹುಟ್ಟುವಂಥ ಆಟಗಾರ. ಅವನಿಗಾಗಿ ಬಫಲೋದ ಆಡಳಿತ ತಂಡವನ್ನು ಕಳಚಿತು. ಒಳ್ಳೆಯ ಆಟಗಾರರನ್ನು ಬೇರೆ ತಂಡಗಳಿಗೆ ಕೊಟ್ಟು ಸೋಲುವುದಕ್ಕೆಂದೇ ಒಂದು ತಂಡ ಕಟ್ಟಿತು. ಮಾರ್ಚ್ 26ರಂದು ಇದೇ ಕ್ರೀಡಾಂಗಣದಲ್ಲಿ, ತಮ್ಮ ಹಾಗೆಯೇ ತಳದಲ್ಲಿದ್ದ ಅರಿಜೋನಾದ ಜೊತೆ ಪಂದ್ಯ ಓವರ್‌ಟೈಮ್‌ಗೆ ಹೋಯಿತು. ಅರಿಜೋನಾ ಗೋಲು ಹೊಡೆದಾಗ ಬಫಲೋದ ಪ್ರೇಕ್ಷಕರು ಎದ್ದು ಚಪ್ಪಾಳೆ ತಟ್ಟಿದರು. ತಮ್ಮ ತಂಡ ಸೋತದ್ದಕ್ಕೆ! ಸೇಬರ್ಸ್‌ನ ಮೈಕ್ ವೆಬರ್ ಪಂದ್ಯ ಮುಗಿದ ಮೇಲೆ ತನಗಾದ ನೋವನ್ನು ಬಹಿರಂಗವಾಗಿ ಹೇಳಿಕೊಂಡ. ಆ ಸೀಸನ್ ತಂಡ ಮುಗಿಸಿದ್ದು ಲೀಗ್‌ನ ಕಟ್ಟಕಡೆಯಲ್ಲಿ. ಆದರೆ ಲಾಟರಿ ಗೆದ್ದದ್ದು ಎಡ್ಮಂಟನ್. ಮೆಕ್‌ಡೇವಿಡ್ ಅಲ್ಲಿಗೆ ಹೋದ.

"ನಾನೂ ಎದ್ದು ತಟ್ಟಿದ್ದೆ," ಎಂದಳು ಮಗಳು. "ಹಾಗೆ ಮಾಡಿದರೆ ಬೇಗ ಎದ್ದು ನಿಲ್ಲುತ್ತೇವೆ ಅನ್ನಿಸಿತ್ತು. ಎಲ್ಲರಿಗೂ ಅನ್ನಿಸಿತ್ತು."

"ನಾನು ಹೊರಗೆ ನಡೆದುಬಿಟ್ಟೆ," ಎಂದರು ಅಪ್ಪ. "1975ರಲ್ಲಿ ಹಳೆಯ ಆಡಿಟೋರಿಯಂನಲ್ಲಿ ಮಂಜು ಕವಿದ ಪಂದ್ಯ ನೋಡಿದವನು ನಾನು. ಸೋಲು ನನಗೇನೂ ಹೊಸದಲ್ಲ. ಬೇಕೆಂದು ಸೋಲುವುದು ಹೊಸದು. ಸೋಲುವುದನ್ನು ಒಂದು ವರ್ಷ ಅಭ್ಯಾಸ ಮಾಡಿಸಿದರು. ಬಿಡಿಸುವುದಕ್ಕೆ ಎಷ್ಟು ವರ್ಷ ಹಿಡಿಯುತ್ತದೋ ನೋಡಿ."

ಅವರು ಹೇಳಿದ ಆ ಪಂದ್ಯ ಲೀಗ್‌ನ ಪ್ರಶಸ್ತಿಯಾದ ಸ್ಟಾನ್ಲಿ ಕಪ್ ಫೈನಲ್‌ನ ಮೂರನೆಯದು, 1975ರ ಮೇ 20ರಂದು ನಡೆದದ್ದು. ಹವಾನಿಯಂತ್ರಣವಿಲ್ಲದ ಕಟ್ಟಡ, ಹೊರಗೆ ಬೇಸಿಗೆಯ ಬಿಸಿ. ಐಸ್‌ನಿಂದ ಎದ್ದ ಮಂಜಿನಲ್ಲಿ ಆಟಗಾರರು ಮಸುಕಾಗಿ ಹೋದರು. ಆಟ ನಿಲ್ಲಿಸಿ, ಬೆಡ್‌ಶೀಟ್ ಹಿಡಿದು ಸ್ಕೇಟ್ ಮಾಡುತ್ತ ಮಂಜು ಚದುರಿಸಿದರು. ಛಾವಣಿಯಿಂದ ಇಳಿದು ಹಾರಾಡುತ್ತಿದ್ದ ಬಾವಲಿಯೊಂದನ್ನು ಜಿಮ್ ಲೊರೆಂಟ್ಜ್ ಸ್ಟಿಕ್ಕಿನಿಂದ ಹೊಡೆದು ಕೆಡವಿದ. ಓವರ್‌ಟೈಮ್‌ನಲ್ಲಿ ರೆನೆ ರಾಬರ್ಟ್ ಹೊಡೆದ ಪಕ್ (ಈ ಆಟದ ಬಿಲ್ಲೆ) ಮಂಜಿನೊಳಗಿಂದ ನುಗ್ಗಿ ಬಂದು ಬಲೆ ಸೇರಿತು. ಬಫಲೋ 5-4ರಿಂದ ಗೆದ್ದಿತು. ಕಪ್ ಮಾತ್ರ ಫಿಲಡೆಲ್ಫಿಯಾ ಪಾಲಾಯಿತು. ಆ ರಾಬರ್ಟ್, ಗಿಲ್ಬರ್ಟ್ ಪೆರೋ, ರಿಕ್ ಮಾರ್ಟಿನ್, ಫ್ರೆಂಚ್ ಕನೆಕ್ಷನ್ ಎಂದು ಊರು ಕರೆದ ಮೂವರೂ ಇವತ್ತು ಕ್ರೀಡಾಂಗಣದ ಹೊರಗೆ ಕಂಚಿನ ಮೂರ್ತಿಗಳಾಗಿ ನಿಂತಿದ್ದಾರೆ. ಹಳೆಯ ಆಡಿಟೋರಿಯಂ ಇದ್ದ ಜಾಗ ಹತ್ತಿರದಲ್ಲೇ ಇದೆ. ಕಟ್ಟಡವನ್ನು 2009ರಲ್ಲಿ ಕೆಡವಿದರು.

1999ರ ಮಾತೆತ್ತಿದರೆ ಹಿರಿಯರು ಇನ್ನೂ ದನಿ ಏರಿಸುತ್ತಾರೆ. ಡಲ್ಲಾಸ್ ಎದುರಿನ ಫೈನಲ್‌ನ ಆರನೆಯ ಪಂದ್ಯ ಮೂರನೆಯ ಓವರ್‌ಟೈಮ್‌ವರೆಗೆ ಎಳೆದಿತ್ತು. ಬ್ರೆಟ್ ಹಲ್ ಗೋಲು ಹೊಡೆದಾಗ ಅವನ ಕಾಲು ಗೋಲಿಯ ಮುಂದಿನ ನೀಲಿ ಆವರಣದೊಳಗಿತ್ತು, ಹಾಗಾಗಿ ಅದು ಗೋಲೇ ಅಲ್ಲ ಎಂಬುದು ಈ ಊರಿನ ವಾದ. ಕಪ್ ಡಲ್ಲಾಸ್‌ಗೆ ಹೋಯಿತು. "ನೋ ಗೋಲ್" ಎಂಬ ಎರಡು ಮಾತು ಬಫಲೋದಲ್ಲಿ ಉಳಿಯಿತು. ಸ್ಟಾನ್ಲಿ ಕಪ್ ಈ ಊರಿಗೆ ಒಮ್ಮೆಯೂ ಬಂದಿಲ್ಲ.

ನನಗೆ ಎದ್ದು ಕಂಡದ್ದು ಬೇರೆ. ಅಷ್ಟು ಹೊತ್ತಿನ ಚರ್ಚೆಯಲ್ಲಿ ಕಪ್ ಗೆಲ್ಲುವ ಮಾತನ್ನು ಒಬ್ಬರೂ ಆಡಲಿಲ್ಲ. ಅವರು ಕೇಳುತ್ತಿದ್ದದ್ದು ಪ್ಲೇಆಫ್‌ನ ಒಂದು ಜಾಗ, ಏಪ್ರಿಲ್ ಕೊನೆಯಲ್ಲಿ ಸ್ವಂತ ಅಂಗಳದಲ್ಲಿ ಎರಡು ಪಂದ್ಯ. ಮಗಳಿಗೆ ಹನ್ನೊಂದು ವರ್ಷದ ಮಗನಿದ್ದ. ಅವನು ಹುಟ್ಟಿದ ಮೇಲೆ ಇಲ್ಲಿ ಪ್ಲೇಆಫ್ ಪಂದ್ಯ ನಡೆದೇ ಇರಲಿಲ್ಲ. "ಅಪ್ಪ ನನಗೆ ತೋರಿಸಿದ್ದನ್ನು ನಾನು ಅವನಿಗೆ ತೋರಿಸಬೇಕು, ಅಷ್ಟೇ," ಎಂದಳು.

ಆ ಊರು ಹಿಂದಿನ ವರ್ಷ ಪಟ್ಟ ಪಾಡು ನೆನೆದರೆ ಈ ಆಸೆಯ ತೂಕ ತಿಳಿಯುತ್ತದೆ. 2022ರ ಮೇ 14ರಂದು ಕಪ್ಪು ಜನರ ಬಡಾವಣೆಯ ಅಂಗಡಿಯೊಂದಕ್ಕೆ ನುಗ್ಗಿದ ಬಿಳಿಯ ಯುವಕ ಹತ್ತು ಜನರನ್ನು ಗುಂಡಿಟ್ಟು ಕೊಂದ. ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ಬೀಸಿದ ಹಿಮಗಾಳಿಗೆ ಈ ಭಾಗದಲ್ಲಿ 40ಕ್ಕೂ ಹೆಚ್ಚು ಮಂದಿ ಸತ್ತರು. ಕೆಲವರು ಕಾರಿನಲ್ಲೇ ಹೂತುಹೋಗಿದ್ದರು. ಈ ನರ್ಸ್ ಆಗ ಮನೆಗೆ ಹೋಗಲಾಗದೆ ಆಸ್ಪತ್ರೆಯಲ್ಲೇ ಮಲಗಿ ಎದ್ದು ಕೆಲಸ ಮಾಡಿದವಳು. ಹೊಸ ವರ್ಷ ಹುಟ್ಟುತ್ತಲೇ ಬಿಲ್ಸ್‌ನ ಡಮಾರ್ ಹ್ಯಾಮ್ಲಿನ್ ಮೈದಾನದಲ್ಲೇ ಹೃದಯ ನಿಂತು ಬಿದ್ದ, ಪುಣ್ಯಕ್ಕೆ ಬದುಕಿದ. ಇಂಥ ಚಳಿಗಾಲ ಕಳೆದು ಬಂದ ಜನ ಒಂದು ಅಂಕಪಟ್ಟಿಯನ್ನು ಮುಂದಿಟ್ಟುಕೊಂಡು ವಾದಕ್ಕೆ ಕೂತಿದ್ದರೆ, ಅದು ಬರೀ ಆಟದ ಹುಚ್ಚಲ್ಲ. ನಾಳೆಯ ಬಗ್ಗೆ ಒಟ್ಟಿಗೆ ಕೂತು ಮಾತಾಡಲು ಅವರಿಗೆ ಸಿಕ್ಕ ಜಾಗ ಅದು.

ಒಳಗೆ ಹೋದೆವು. 19,070 ಜನ ಹಿಡಿಸುವ ಕ್ರೀಡಾಂಗಣ. ಛಾವಣಿಯಿಂದ ನಿವೃತ್ತಿಗೊಳಿಸಿದ ಜೆರ್ಸಿ ಸಂಖ್ಯೆಗಳು ತೂಗುತ್ತವೆ. ಅದರಲ್ಲಿ 2ನೇ ಸಂಖ್ಯೆ ಟಿಮ್ ಹಾರ್ಟನ್‌ದು. ಈ ಭಾಗದ ಬೀದಿಬೀದಿಯಲ್ಲೂ ಕಾಣುವ ಕಾಫಿ ಅಂಗಡಿಯ ಹೆಸರು ಅವನದೇ. ಅಂಗಡಿ ಶುರುಮಾಡಿದ್ದ ಹಾರ್ಟನ್ ಕೊನೆಯ ವರ್ಷಗಳಲ್ಲಿ ಸೇಬರ್ಸ್‌ಗೆ ಆಡಿದ; 1974ರ ಫೆಬ್ರವರಿಯಲ್ಲಿ ಟೊರಾಂಟೋದಲ್ಲಿ ಆಡಿ ಬಫಲೋಗೆ ಕಾರು ಓಡಿಸಿಕೊಂಡು ಬರುವಾಗ ಅಪಘಾತದಲ್ಲಿ ತೀರಿಕೊಂಡ. ಆಟಕ್ಕೆ ಮುಂಚೆ ಎರಡು ರಾಷ್ಟ್ರಗೀತೆ ಹಾಡಿದರು. ಕೆನಡಾದ ತಂಡ ಬರಲಿ ಬಿಡಲಿ, ಬಫಲೋದಲ್ಲಿ ಎರಡನ್ನೂ ಹಾಡುತ್ತಾರೆ, ಸೇತುವೆ ದಾಟಿ ಬರುವವರ ಗೌರವಕ್ಕೆ. ನಮ್ಮ ಕೆನಡಾದ ಗೆಳೆಯರು ಟೋಪಿ ತೆಗೆದು ಗಟ್ಟಿಯಾಗಿ ಹಾಡಿದರು.

ಅವತ್ತು ಗೋಲಿನ ಮುಂದೆ ನಿಂತವನು 21 ವರ್ಷದ ಡೆವನ್ ಲೀವೈ. ಲೀಗ್‌ನಲ್ಲಿ ಅವನ ಮೊದಲ ಪಂದ್ಯ. ಕೆಲವೇ ವಾರಗಳ ಹಿಂದೆ ಬಾಸ್ಟನ್‌ನಲ್ಲಿ ಕಾಲೇಜು ತಂಡಕ್ಕೆ ಆಡುತ್ತಿದ್ದ ಹುಡುಗ. ಪಂದ್ಯಕ್ಕೆ ಮುಂಚೆ ಧ್ಯಾನಕ್ಕೆ ಕೂರುವ ಅಭ್ಯಾಸದವನು. ಅವನನ್ನು ಮೊದಲು ಆರಿಸಿದ್ದದ್ದು ಫ್ಲೋರಿಡಾ. ಸ್ಯಾಮ್ ರೈನ್‌ಹಾರ್ಟ್‌ನನ್ನು ಫ್ಲೋರಿಡಾಕ್ಕೆ ಕೊಟ್ಟು ಬಫಲೋ ಅವನನ್ನು ಪಡೆದಿತ್ತು. ಪಕ್ ಅವನ ಕಡೆ ಬಂದಾಗಲೆಲ್ಲ ಸಭಾಂಗಣ ಉಸಿರು ಹಿಡಿಯುತ್ತಿತ್ತು. ಅವನು 31 ಹೊಡೆತ ತಡೆದ. ಓವರ್‌ಟೈಮ್‌ನಲ್ಲಿ ಜೆಫ್ ಸ್ಕಿನ್ನರ್ ಗೋಲು ಹೊಡೆದ. 3-2. ಬೇರೆಯವರ ಒಲೆ ನೋಡಬೇಡಿ ಎಂದಿದ್ದ ಹಿರಿಯರು ಮಗಳನ್ನು ತಬ್ಬಿಕೊಂಡವರು, ತಬ್ಬಿಕೊಂಡೇ ಕೇಳಿದರು: "ಈಗ ಫ್ಲೋರಿಡಾ ಎಷ್ಟು ಮುಂದಿದೆ?"

ಏಪ್ರಿಲ್ ಮೊದಲ ವಾರ ಫ್ಲೋರಿಡಾ ಎದುರಿಗೇ ಆಡಿ 2-1ರಿಂದ ಸೋತರು. ಏಪ್ರಿಲ್ 11ರಂದು ನ್ಯೂಜೆರ್ಸಿಯಲ್ಲಿ ಸೋತಾಗ ಬಾಗಿಲು ಮುಚ್ಚಿತು. ಆ ರಾತ್ರಿ ನ್ಯೂಜೆರ್ಸಿಗೆ ತರಬೇತಿ ಕೊಡುತ್ತಿದ್ದವನು ಲಿಂಡಿ ರಫ್. 2011ರಲ್ಲಿ ಬಫಲೋವನ್ನು ಕೊನೆಯ ಸಲ ಪ್ಲೇಆಫ್‌ಗೆ ಕರೆದೊಯ್ದಿದ್ದ ಅದೇ ರಫ್. ಆಮೇಲೂ ಉಳಿದಿದ್ದ ಎರಡು ಪಂದ್ಯಗಳನ್ನು ಸೇಬರ್ಸ್ ಗೆದ್ದರು. ಕೊನೆಯ ಲೆಕ್ಕ: ಫ್ಲೋರಿಡಾ 92, ಬಫಲೋ 91. ಒಂದು ಪಾಯಿಂಟ್. ನವೆಂಬರ್‌ನ ಆ ಎಂಟರಲ್ಲಿ ಒಂದನ್ನು ಗೆದ್ದಿದ್ದರೆ ಸಾಕಿತ್ತು. ಕೊನೆಯ ಜಾಗ ಹಿಡಿದ ಫ್ಲೋರಿಡಾ ಆ ವರ್ಷ ಫೈನಲ್‌ವರೆಗೂ ಹೋಯಿತು.

ಬಫಲೋ ಬಿಟ್ಟುಕೊಟ್ಟ ಆಟಗಾರರು ಬೇರೆಡೆ ಅರಳಿದ ಕಥೆ ಇನ್ನೂ ನೋವಿನದು. ರಯಾನ್ ಓರೈಲಿ 2019ರಲ್ಲಿ ಸೇಂಟ್ ಲೂಯಿಸ್‌ಗೆ ಕಪ್ ತಂದ. ಮೆಕ್‌ಡೇವಿಡ್ ಬದಲಿಗೆ ಸಿಕ್ಕಿದ್ದ ಜಾಕ್ ಐಕಲ್ 2023ರಲ್ಲಿ ಲಾಸ್ ವೇಗಸ್ ತಂಡದಲ್ಲಿ ಕಪ್ ಎತ್ತಿದ. 2024ರ ಫೈನಲ್‌ನ ಏಳನೆಯ ಪಂದ್ಯದಲ್ಲಿ ಫ್ಲೋರಿಡಾದ ಗೆಲುವಿನ ಗೋಲು ರೈನ್‌ಹಾರ್ಟ್‌ನದು. ಹಾಗಾದರೆ ಪ್ರತಿಭೆಗೆ ಬಫಲೋದಲ್ಲಿ ಬರ ಇರಲಿಲ್ಲ. ಬಂದ ಪ್ರತಿಭೆಗೆ ಗೆಲುವಿನ ನೆಲ ಸಿಗಲಿಲ್ಲ. ಹಿರಿಯರು ಹೇಳಿದ ಅಭ್ಯಾಸದ ಮಾತನ್ನೇ ನಾನು ನಂಬುತ್ತೇನೆ. ಅಂದು ಚಪ್ಪಾಳೆ ತಟ್ಟಿದವರ ಮೇಲೆ ನನಗೆ ದೂರಿಲ್ಲ; ಸೋಲನ್ನು ಲಾಭವೆಂದು ಅವರಿಗೆ ತೋರಿಸಿಕೊಟ್ಟವರ ಮೇಲಿದೆ. ಒಂದು ಊರಿನ ನಿಷ್ಠೆಯನ್ನು ಹಾಗೆ ಬಳಸಿಕೊಳ್ಳಬಾರದಿತ್ತು. 2024ರಲ್ಲಿ ಲಿಂಡಿ ರಫ್ ತರಬೇತುದಾರನಾಗಿ ಬಫಲೋಗೆ ಮರಳಿ ಬಂದ. ಮರುಸೀಸನ್ ಮಧ್ಯದಲ್ಲಿ ತಂಡ 13 ಪಂದ್ಯ ಗೆಲುವಿಲ್ಲದೆ ಕಳೆದು 79 ಪಾಯಿಂಟ್‌ಗೆ ನಿಂತಿತು. 2025ರ ಏಪ್ರಿಲ್‌ಗೆ ಕಾಯುವಿಕೆ ಹದಿನಾಲ್ಕನೆಯ ಸೀಸನ್ ಮುಟ್ಟಿತ್ತು. ಅಕ್ಕನ ಮಗ ಫೋನ್ ಮಾಡಿದಾಗಲೆಲ್ಲ ಬಾರಿನ ಗೆಳೆಯರ ಸುದ್ದಿ ಕೇಳುತ್ತೇನೆ. ಆ ಟೇಬಲ್ಲಿನ ಯಾರೂ ತಂಡವನ್ನು ಬಿಟ್ಟಿಲ್ಲ.

ನಮ್ಮ ಕಡೆಯಿಂದ ಅಮೆರಿಕಕ್ಕೆ ಹೋದವರು ನಯಾಗರಾ ಜಲಪಾತ ನೋಡದೆ ಬರುವುದಿಲ್ಲ. ಬಹಳ ಮಂದಿ ಬಫಲೋದಲ್ಲಿ ವಿಮಾನ ಇಳಿದು ಊರಿಗೆ ಬೆನ್ನು ಹಾಕಿ ನೇರ ಜಲಪಾತಕ್ಕೆ ಹೊರಟುಬಿಡುತ್ತಾರೆ. ಅಕ್ಟೋಬರ್‌ನಿಂದ ಏಪ್ರಿಲ್‌ನೊಳಗೆ ಹೋದರೆ ಒಂದು ಸಂಜೆಯನ್ನು ಈ ಊರಿಗೆಂದು ಎತ್ತಿಡಿ. ಮೇನ್ ಸ್ಟ್ರೀಟಿನಲ್ಲಿ ರೈಲು ಹತ್ತಿ. ದಪ್ಪ ಸ್ವೆಟರ್ ಮರೆಯಬೇಡಿ, ಐಸ್ ಹತ್ತಿರ ಕೂತರೆ ಒಳಗೂ ಚಳಿ. ಪಕ್ಕದವರನ್ನು "ಈ ಸಲ ಪ್ಲೇಆಫ್ ಸಿಗುತ್ತದೆಯೇ?" ಎಂದು ಕೇಳಿ, ಆಮೇಲೆ ಅವರು ಹೇಳುವುದನ್ನು ಪೂರ್ತಿ ಕೇಳಿಸಿಕೊಳ್ಳಿ.